ಫಿನ್ಲೆಂಡಿನ ಓಸ್ಕು ಎಲ್ಲಿ ಬೆಳೆಯತಕ್ಕದ್ದು ಎಂಬ ಬಗ್ಗೆ

ಭಾನುವಾರದ ಐಸ್ ಹಾಕಿ ಸಮಿತಿ
ಆಟಗಾರರ ಏಳಿಗೆ ಶಾಖೆ
ವಾಯ್ಡ್ ಡೆಕ್ (ವಸತಿ ಕಟ್ಟಡದ ತೆರೆದ ನೆಲಮಹಡಿ), ಲಿಫ್ಟಿನ ಪಕ್ಕದ ಕಲ್ಲು ಮೇಜು, ಸೆರಂಗೂನ್, ಸಿಂಗಪುರ

ಸುತ್ತೋಲೆ ಸಂಖ್ಯೆ: ಭಾಹಾಸ/ಏಳಿಗೆ/ಓಸ್ಕು/147/ಐದನೇ ಸಲ ತಿದ್ದಿದ ಪ್ರತಿ
ದಿನಾಂಕ: ಮಾರ್ಚ್ ತಿಂಗಳ ಎರಡನೇ ಭಾನುವಾರ, ಕಾಫಿಯ ನಂತರ

ವಿಷಯ: ಅಮೆರಿಕದ ತಂಡವೊಂದು ಆರಿಸಿಕೊಂಡಿರುವ ಫಿನ್ಲೆಂಡಿನ ಯುವ ಆಟಗಾರ ಓಸ್ಕು ಹಿರ್ವಿಕೋಸ್ಕಿ, ಪ್ರಾಯ ಹದಿನೆಂಟು, ಮುಂದಿನ ವರ್ಷ ಎಲ್ಲಿ ಆಡಿ ಬೆಳೆಯಬೇಕೆಂದು ತೀರ್ಮಾನಿಸುವ ಕುರಿತು.

ಉಲ್ಲೇಖ:
1) ಅವಿನಾಶ್ ಅವರ ಫೋನಿನ ಆ್ಯಪ್‌ನಲ್ಲಿ ಬಂದಿರುವ ಪ್ರಶ್ನೆ.
2) ಸಮಿತಿಯ ನಾಲ್ಕು ಸಭೆಗಳ ನಡವಳಿ, ಒಟ್ಟು ಒಂಬತ್ತು ಗಂಟೆ ನಲವತ್ತು ನಿಮಿಷ.
3) ಕುಮಾರಿ ಅಮೂಲ್ಯಾ ಅವರ ಮನವಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದು.

ಪ್ರಸ್ತಾವನೆ:

ಬಿಶಾನ್‌ನ ಸಾಫ್ಟ್‌ವೇರ್ ಕಚೇರಿಯಲ್ಲಿ ಅವಿನಾಶ್ ಅವರ ಮೇಲಧಿಕಾರಿಯಾಗಿದ್ದ ಕೆನಡಾದ ಗೃಹಸ್ಥರೊಬ್ಬರು ತಮ್ಮ ದೇಶಕ್ಕೆ ವಾಪಸಾಗುವಾಗ ಒಂದು ರೈಸ್ ಕುಕ್ಕರ್, ಎರಡು ಹೂಕುಂಡ ಮತ್ತು ಫೋನಿನಲ್ಲಿ ಆಡುವ ಒಂದು ಕಲ್ಪಿತ ಐಸ್ ಹಾಕಿ ತಂಡವನ್ನು ಅವಿನಾಶ್ ಅವರಿಗೆ ಬಿಟ್ಟುಹೋಗಿರುತ್ತಾರೆ. ನಿಜವಾದ ಆಟಗಾರರು ನಿಜವಾದ ಪಂದ್ಯ ಆಡುತ್ತಾರೆ, ಆ್ಯಪ್‌ನಲ್ಲಿ ನಮಗೆ ಅಂಕ ಬರುತ್ತದೆ. ಹೂಕುಂಡಗಳು ಒಣಗಿದವು, ತಂಡ ಮಾತ್ರ ಉಳಿಯಿತು. ಅದರ ಕಟ್ಟಕಡೆಯ ಆಟಗಾರನೇ ಈ ಓಸ್ಕು. ಕಳೆದ ಜೂನ್ ತಿಂಗಳಲ್ಲಿ ಅಮೆರಿಕದ ತಂಡವು ಅವನನ್ನು ನೂರ ನಲವತ್ತೇಳನೆಯವನಾಗಿ ಆರಿಸಿಕೊಂಡಿದೆ. ಅವನು ಬಲಿತು ಅಮೆರಿಕದ ದೊಡ್ಡ ಲೀಗ್‌ಗೆ ತಯಾರಾಗುವವರೆಗೆ ಬೇರೆಲ್ಲಾದರೂ ಆಡಿಕೊಂಡಿರಬೇಕು. ಎಲ್ಲಿ ಎಂಬುದೇ ಪ್ರಶ್ನೆ.

ಸಮಿತಿಯಲ್ಲಿ ನಾಲ್ವರಿದ್ದಾರೆ. ಸಂಚಾಲಕರಾದ ದ್ವಾರಕನಾಥ್ ಪಾಸಿರ್ ಪಂಜಾಂಗ್‌ನ ಹಡಗು ಕಚೇರಿಯೊಂದರಲ್ಲಿ ಕುಳಿತು, ಯಾವ ಹಡಗು ಯಾವ ಕಟ್ಟೆಗೆ ಬರಬೇಕೆಂದು ಕಂಪ್ಯೂಟರಿನಲ್ಲಿ ಗೊತ್ತುಮಾಡುವವರು. ಎರಡನೆಯವರು ಅವಿನಾಶ್. ಮೂರನೆಯವರಾದ ನಾಗೇಶ ಅವರು ವಾರದಲ್ಲಿ ಐದು ದಿನ ಡೇಟಾ ಅನಲಿಸ್ಟ್, ಉಳಿದೆರಡು ದಿನ ಜ್ಯೋತಿಷಿ. ಕಾರ್ಯದರ್ಶಿ ಭಾಗೀರಥಿ ಸಂಚಾಲಕರ ಪತ್ನಿ. ಮದುವೆಗೆ ಮುಂಚೆ ಮೈಸೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಆರು ವರ್ಷ ಟಪಾಲು ನೋಡಿದವರು. ಸುತ್ತೋಲೆ ಬರೆಯುವ ಕೆಲಸ ಅವರ ತಲೆಯ ಮೇಲೆ ಬಿದ್ದದ್ದು ಹೀಗೆ. ನಾಲ್ವರಲ್ಲಿ ಯಾರೂ ಈವರೆಗೆ ಐಸ್ ಮೇಲೆ ಕಾಲಿಟ್ಟಿಲ್ಲ. ಅವಿನಾಶ್ ಒಮ್ಮೆ ಫ್ರೀಜರ್ ತೊಳೆದಿದ್ದನ್ನು ಅನುಭವವೆಂದು ಪರಿಗಣಿಸಲಾಗಿದೆ.

ಈ ಎಲ್ಲವನ್ನೂ ಪರಿಶೀಲಿಸಿ, ಸಂಬಂಧಪಟ್ಟವರಿಗೂ ಪಡದವರಿಗೂ ಕೆಳಕಂಡಂತೆ ತಿಳಿಯಪಡಿಸಲಾಗಿದೆ:

1. ಆ್ಯಪ್ ಕೇಳಿರುವುದು ಓಸ್ಕು ಮುಂದಿನ ವರ್ಷ ಎಲ್ಲಿ ಆಡಬಹುದು, ಊಹಿಸಿ ಎಂದು ಮಾತ್ರ. ಮಕ್ಕಳ ಭವಿಷ್ಯದ ವಿಷಯದಲ್ಲಿ ಊಹಿಸಿ ಸುಮ್ಮನೆ ಕೂರುವುದು ನಮ್ಮವರ ಪದ್ಧತಿಯಲ್ಲ, ತೀರ್ಮಾನಿಸಿಬಿಡುವುದು ಪದ್ಧತಿ. ಆದ್ದರಿಂದ ಸಮಿತಿಯು ತೀರ್ಮಾನಿಸತಕ್ಕದ್ದು. ಸದರಿ ತೀರ್ಮಾನವು ಓಸ್ಕುವಿಗಾಗಲಿ, ಅವನ ಹೆತ್ತವರಿಗಾಗಲಿ, ಅಮೆರಿಕದ ತಂಡಕ್ಕಾಗಲಿ ತಲುಪುವ ಯಾವ ದಾರಿಯೂ ಇಲ್ಲದಿರುವುದರಿಂದ ಅದರ ಗಾಂಭೀರ್ಯಕ್ಕೆ ಧಕ್ಕೆ ಇರುವುದಿಲ್ಲ.

2. ಆ್ಯಪ್ ಕೊಟ್ಟಿರುವ ದಾರಿಗಳು ಮೂರು. (ಅ) ಫಿನ್ಲೆಂಡಿನಲ್ಲೇ ಉಳಿದು ಅಲ್ಲಿನ ದೊಡ್ಡ ಲೀಗ್‌ನಲ್ಲಿ ಗಡ್ಡ ಬಂದ ಗಂಡಸರ ನಡುವೆ ಆಡುವುದು. (ಆ) ಕೆನಡಾಕ್ಕೆ ಹೋಗಿ ಓರಗೆಯ ಹುಡುಗರ ಲೀಗ್‌ನಲ್ಲಿ ಆಡುವುದು. (ಇ) ಅಮೆರಿಕಕ್ಕೇ ಹೋಗಿ, ತನ್ನನ್ನು ಆರಿಸಿದ ತಂಡದ ಕೆಳಗಿನ ತಂಡದಲ್ಲಿ ಆಡುತ್ತ ಮೇಲಿನವರ ಕಣ್ಣಿಗೆ ಬೀಳುವುದು. ಮೊದಲ ಸಭೆಯಲ್ಲಿ ಅವಿನಾಶ್ ಅವರು, "ಫಸ್ಟ್ ಅವ್ನಿಗೆ ಐಸ್ ಟೈಮ್ ಸಿಗ್ಬೇಕು ಸಾರ್. ದೊಡ್ಡ ಟೀಮ್ ಅಂತ ಹೋಗಿ ಬೆಂಚ್ ಮೇಲೆ ಕೂತ್ರೆ ಏನ್ ಡೆವಲಪ್ ಆಗ್ತಾನೆ?" ಎಂದು ಮಂಡಿಸಿದ್ದು, ಮುಂದಿನ ಒಂದೂವರೆ ಗಂಟೆ ಎಲ್ಲರೂ ಇದನ್ನೇ ಬೇರೆ ಬೇರೆ ಮಾತಿನಲ್ಲಿ ಹೇಳಿದ್ದಾರೆ.

3. ಕೆನಡಾದಲ್ಲಿ ಇಂಥ ಹುಡುಗರನ್ನು ಪರಿಚಯವಿಲ್ಲದ ಕುಟುಂಬದವರ ಮನೆಯಲ್ಲಿ ಇರಿಸುತ್ತಾರೆಂದು ತಿಳಿದುಬಂದ ಕೂಡಲೇ ಸಭೆಯಲ್ಲಿ ಕಳವಳ ಉಂಟಾಯಿತು. ಬೇರೆಯವರ ಮನೆಯಲ್ಲಿ ಮಗು ಎರಡನೇ ಸಲ ಬಡಿಸಿ ಎಂದು ಬಾಯಿಬಿಟ್ಟು ಕೇಳುವುದೇ? ಕೇಳುವುದಿಲ್ಲ. ಆ ಕಾರಣ, ಕೆನಡಾದ ಸದರಿ ಕುಟುಂಬವು ಕೇಳದೆಯೇ ಎರಡನೇ ಸಲ ಬಡಿಸತಕ್ಕದ್ದು. ಬೇಡವೆಂದರೆ ಇನ್ನೊಮ್ಮೆ ಒತ್ತಾಯಿಸತಕ್ಕದ್ದು. ಮೂರನೇ ಸಲ ಬೇಡವೆಂದರೆ ಮಾತ್ರ ಅದನ್ನು ಬೇಡವೆಂದು ತಿಳಿಯತಕ್ಕದ್ದು.

4. ಜಾತಕದ ಬಗ್ಗೆ. ಓಸ್ಕು ಹುಟ್ಟಿದ ದಿನಾಂಕ ಇಂಟರ್ನೆಟ್ಟಿನಲ್ಲಿ ಸಿಕ್ಕಿದೆ, ಗಳಿಗೆ ಸಿಕ್ಕಿಲ್ಲ. ಅವನ ಊರು ಫಿನ್ಲೆಂಡಿನ ತೀರಾ ಉತ್ತರಕ್ಕಿದ್ದು, ಅವನು ಹುಟ್ಟಿದ ಡಿಸೆಂಬರ್ ವಾರದಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲವೆಂದು ನಾಗೇಶ ಅವರು ಗಾಬರಿಯಿಂದ ವರದಿ ಮಾಡಿದರು. ಸೂರ್ಯೋದಯವಿಲ್ಲದ ದಿನಕ್ಕೆ ರಾಹುಕಾಲ ಲೆಕ್ಕಹಾಕುವುದು ಹೇಗೆಂದು ತಿಳಿಯದೆ, ತಾತ್ಕಾಲಿಕವಾಗಿ ಸೆರಂಗೂನಿನ ಸೂರ್ಯೋದಯವನ್ನು ಓಸ್ಕುವಿಗೆ ಎರವಲು ನೀಡಲು ಒಪ್ಪಲಾಗಿದೆ. ಆ ಪ್ರಕಾರ ಗುರುಬಲ ಚೆನ್ನಾಗಿದ್ದು, ಎಡ ಮೊಣಕಾಲಿನ ಬಗ್ಗೆ ಎಚ್ಚರ ವಹಿಸಲು ಸೂಚಿಸಲಾಗಿದೆ.

5. ಆಟಗಾರನ ತೂಕ ಎಪ್ಪತ್ತನಾಲ್ಕು ಕಿಲೋ ಮಾತ್ರ, ಸಾಲದು. ದಿನಕ್ಕೆರಡು ಲೋಟ ರಾಗಿ ಅಂಬಲಿ ಕುಡಿಯತಕ್ಕದ್ದು. ರಾಗಿಹಿಟ್ಟು ಲಿಟಲ್ ಇಂಡಿಯಾದಲ್ಲಿ ದೊರೆಯುತ್ತದೆ. ಫಿನ್ಲೆಂಡಿನಲ್ಲಿ ದೊರೆಯದಿದ್ದರೆ ಅದು ಫಿನ್ಲೆಂಡಿನ ಲೋಪ.

6. ನಾಲ್ಕನೇ ಸಭೆಯಲ್ಲಿ ನಾಗೇಶ ಅವರು ಮೂರನೇ ದಾರಿಯೇ ಸರಿ, ಹುಡುಗನನ್ನು ಹೇಗಾದರೂ ಅಮೆರಿಕಕ್ಕೆ ಸಾಗಿಸಿಬಿಡೋಣ, "ಅಲ್ಲಿ ಹೋದ್ಮೇಲೆ ತಾನಾಗೇ ಅಡ್ಜಸ್ಟ್ ಆಗ್ತಾನೆ" ಎಂದಾಗ ಸಂಚಾಲಕರು ಎದ್ದು ನಿಂತರು. ಅವರು ಆಡಿದ ಮಾತನ್ನು ಕಾರ್ಯದರ್ಶಿ ಒಂದಕ್ಷರ ಬಿಡದೆ ಬರೆದುಕೊಂಡಿದ್ದಾರೆ:

"ಹದಿನೆಂಟು ವರ್ಷದ ಮಗು ಕಣ್ರೀ ಅದು. ಪುಶ್ ಮಾಡ್ಬಾರ್ದು. ಒಂದೆರಡು ವರ್ಷ ಲೇಟ್ ಆದ್ರೆ ಏನ್ ಪ್ರಪಂಚ ಮುಳುಗೋಗತ್ತಾ? ಎಲ್ರೂ ಅಲ್ಲಿಗ್ ಕಳ್ಸಿ, ಇಲ್ಲಿಗ್ ಕಳ್ಸಿ ಅಂತೀರ. ಅವನ ಮನಸ್ಸಲ್ಲಿ ಏನಿದೆ ಅಂತ ಒಬ್ಬರಾದ್ರೂ ಕೇಳಿದೀರಾ?"

ಇಷ್ಟು ಹೇಳಿ ಸಂಚಾಲಕರು ಕುಳಿತರು. ಅವಿನಾಶ್ ನೀರು ಕೊಟ್ಟರು. ಪಕ್ಕದ ಕಲ್ಲು ಮೇಜಿನಲ್ಲಿ ಕುಳಿತಿದ್ದ ಸಂಚಾಲಕರ ಮಗಳು ಕುಮಾರಿ ಅಮೂಲ್ಯಾ, ಪ್ರಾಯ ಹದಿನೆಂಟು, ಫೋನಿನಿಂದ ತಲೆಯೆತ್ತಿ ನೋಡಿದ್ದನ್ನೂ ದಾಖಲಿಸಲಾಗಿದೆ. ಸಂಚಾಲಕರ ಮಾತಿನ ಆಧಾರದ ಮೇಲೆ ಸರ್ವಾನುಮತದಿಂದ ಈ ಕೆಳಗಿನ ನಿಯಮಗಳು ಜಾರಿಗೆ ಬಂದವು:

(ಅ) ಆಟಗಾರನನ್ನು ಕೇಳದೆ ಆಟಗಾರನ ಬಗ್ಗೆ ತೀರ್ಮಾನ ಕೈಗೊಳ್ಳತಕ್ಕದ್ದಲ್ಲ.
(ಆ) ಹೆಸರು ದೊಡ್ಡದಿರುವ ಕಡೆಗಲ್ಲ, ಆಡಲು ಬಿಡುವ ಕಡೆಗೆ ಅವನು ಹೋಗತಕ್ಕದ್ದು.
(ಇ) ಅದಕ್ಕಾಗಿ ಒಂದು ಮೆಟ್ಟಿಲು ಕೆಳಗಿಳಿದರೆ ಅದನ್ನು ಸೋಲೆಂದು ಕರೆಯತಕ್ಕದ್ದಲ್ಲ.
(ಈ) ಅಲ್ಲಿಗೇಕೆ ಹೋದ ಎಂದು ನೆಂಟರಿಷ್ಟರು ಕೇಳಿದರೆ ಹಿರಿಯರೇ ಉತ್ತರಿಸತಕ್ಕದ್ದು; ಹುಡುಗನನ್ನು ಮುಂದೆ ದೂಡತಕ್ಕದ್ದಲ್ಲ.

7. ಇತರೆ ವಿಷಯಗಳು. ನಾಲ್ಕನೇ ಸಭೆಗೆ ಒಂದು ವಾರ ಮುಂಚೆ, ಮೂರನೇ ಸಭೆಯ ಕೊನೆಯಲ್ಲಿ, ಕುಮಾರಿ ಅಮೂಲ್ಯಾ ಅವರ ಮುಂದಿನ ಓದಿನ ಪ್ರಸ್ತಾಪ ಬಂದಿದ್ದು ನಡವಳಿಯಲ್ಲಿದೆ. ಇಲ್ಲಿ ನೇರ ಯೂನಿವರ್ಸಿಟಿಗೆ ದಾರಿಯಾದ ಜೂನಿಯರ್ ಕಾಲೇಜು ಮುಗಿದು ಒಳ್ಳೆಯ ಫಲಿತಾಂಶ ಬಂದಿತ್ತು. ಪಾಲಿಟೆಕ್ನಿಕ್ ಸೇರಿ ಹಡಗು ನಡೆಸುವ ವಿದ್ಯೆ ಕಲಿಯಬೇಕು, ಸಮುದ್ರಕ್ಕೆ ಹೋಗಬೇಕು ಎಂಬುದು ಕುಮಾರಿಯ ಆಸೆ. ಸಂಚಾಲಕರು, "ಜೆಸಿ ಮುಗ್ಸಿ ಪಾಲಿಗೆ ಹೋಗ್ತಾರಾ ಯಾರಾದ್ರೂ? ಹುಚ್ಚಾ ನಿಂಗೆ? ಯೂನಿವರ್ಸಿಟಿ, ಕಂಪ್ಯೂಟರ್ ಸೈನ್ಸ್. ಮುಗೀತು" ಎಂದರು. ಅವಿನಾಶ್ ಅವರು, "ಸೇಫ್ ಆಪ್ಷನ್ ಪುಟ್ಟಾ, ಅಂಕಲ್ ಹೇಳ್ತಿದೀನಿ ಕೇಳು" ಎಂದರು. ಇದಕ್ಕೆ ಒಪ್ಪಲು ನಾಗೇಶ ಅವರಿಗೆ ಜಾತಕ ಬೇಕಾಗಲಿಲ್ಲ. ಒಟ್ಟು ನಾಲ್ಕು ನಿಮಿಷ ಹಿಡಿಯಿತು. ಅದರಲ್ಲಿ ಒಂದು ನಿಮಿಷ ಕಾಫಿಗೆ ಸಕ್ಕರೆ ಸಾಲದ ಬಗ್ಗೆ.

ಕುಮಾರಿಗೆ ಹಡಗಿನ ಹುಚ್ಚು ಹಿಡಿಸಿದವರು ಯಾರೆಂದು ತನಿಖೆ ನಡೆಸುವ ಅಗತ್ಯವಿಲ್ಲ. ಐದು ವರ್ಷದ ಮಗುವನ್ನು ಪ್ರತಿ ಶನಿವಾರ ಹೆಗಲ ಮೇಲೆ ಕೂರಿಸಿಕೊಂಡು ದಡದಲ್ಲಿ ನಿಂತು, ಅದು ಯಾವ ದೇಶದ ಹಡಗು, ಎಲ್ಲಿಗೆ ಹೊರಟಿದೆ, ಹೊಟ್ಟೆಯಲ್ಲಿ ಏನಿದೆ ಎಂದು ಹೇಳಿಕೊಟ್ಟವರು ಸ್ವತಃ ಸಂಚಾಲಕರು. ಹತ್ತೊಂಬತ್ತು ವರ್ಷಗಳಲ್ಲಿ ಸಾವಿರಾರು ಹಡಗುಗಳನ್ನು ಕಟ್ಟೆಗೆ ತಂದಿದ್ದರೂ ಅವರು ಈವರೆಗೆ ಒಂದನ್ನೂ ಹತ್ತಿಲ್ಲ. ಮೂರನೇ ಸಭೆಯಲ್ಲಿ ಕಾರ್ಯದರ್ಶಿಯೂ ಬಾಯಿ ಬಿಡದೆ ಬರೆದುಕೊಳ್ಳುತ್ತ ಕುಳಿತಿದ್ದರು. ಅದಕ್ಕಾಗಿ ಅವರಿಗೆ ನಾಚಿಕೆಯಾಗಿದೆ.

8. ಈ ಮಧ್ಯೆ, ಮೊನ್ನೆ ಶುಕ್ರವಾರ, ಓಸ್ಕು ತಾನೇ ಒಂದು ವಿಡಿಯೋದಲ್ಲಿ ತನ್ನ ತೀರ್ಮಾನ ಪ್ರಕಟಿಸಿರುತ್ತಾನೆ. ಆ್ಯಪ್‌ನ ಮೂರು ದಾರಿಗಳಲ್ಲಿ ಯಾವುದೂ ಅಲ್ಲ. ತನ್ನ ಊರಿನ ಎರಡನೇ ದರ್ಜೆ ತಂಡದಲ್ಲಿ ಒಂದು ವರ್ಷ ಆಡುತ್ತಾನಂತೆ. ಏಕೆಂದು ಕೇಳಿದ್ದಕ್ಕೆ, ಅಲ್ಲಿ ನನ್ನನ್ನು ಆಡಿಸುತ್ತಾರೆ ಎಂದಷ್ಟೇ ಹೇಳಿ ಮೂಗು ಒರೆಸಿಕೊಂಡಿದ್ದಾನೆ. ಅಲ್ಲಿಗೆ ಒಂಬತ್ತು ಗಂಟೆ ನಲವತ್ತು ನಿಮಿಷ ನೀರಲ್ಲಿ ಹೋಮವಾಯಿತು, ಆ್ಯಪ್‌ನಲ್ಲಿ ಸಮಿತಿಗೆ ಸೊನ್ನೆ ಬಂತು. ಆದರೂ ವಾಟ್ಸಾಪ್ ಗುಂಪಿನಲ್ಲಿ ಹಬ್ಬದ ವಾತಾವರಣವಿತ್ತು. "ನೋಡ್ರಿ, ಈ ವಯಸ್ಸಿಗೇ ಎಂಥಾ ಮೆಚ್ಯೂರಿಟಿ! ಹೆತ್ತವರು ಪುಣ್ಯವಂತರು" ಎಂದು ಸಂಚಾಲಕರು ಊಟದ ಮೇಜಿನಲ್ಲಿ ಫೋನು ಎತ್ತಿ ಎಲ್ಲರಿಗೂ ತೋರಿಸಿದರು. ಕುಮಾರಿ ಅಮೂಲ್ಯಾ ಅರ್ಧ ಊಟಕ್ಕೆ ಎದ್ದು ಹೋದರು.

9. ಶನಿವಾರ ಬೆಳಗ್ಗೆ ಈ ಸುತ್ತೋಲೆಯ ನಾಲ್ಕನೇ ಕರಡು ಊಟದ ಮೇಜಿನ ಮೇಲೆ, ಆರನೇ ನಿಯಮದ ಪುಟ ಮೇಲಾಗಿ, ಅಕಸ್ಮಾತ್ತಾಗಿ ಉಳಿದುಹೋಗಿತ್ತು. ಇದಕ್ಕೆ ಕಾರ್ಯದರ್ಶಿಯನ್ನು ಹೊಣೆ ಮಾಡುವಂತಿಲ್ಲ. ಮಧ್ಯಾಹ್ನದ ಹೊತ್ತಿಗೆ ಫ್ರಿಜ್ಜಿನ ಬಾಗಿಲ ಮೇಲೆ ಕೆಳಕಂಡ ಮನವಿ ಕಂಡುಬಂತು:

"ಅಪ್ಪಾ, ರೂಲ್ 6 ನಂಗೂ ಅಪ್ಲೈ ಆಗತ್ತಾ? ಓಸ್ಕು ಸೆಕೆಂಡ್ ಡಿವಿಷನ್‌ಗೆ ಹೋದ್ರೆ ಮೆಚ್ಯೂರಿಟಿ, ನಾನು ಪಾಲಿಗೆ ಹೋದ್ರೆ ಹುಚ್ಚು. ಅವನು ಫಿನ್ಲೆಂಡಲ್ಲಿದಾನೆ. ನಾನು ಪಕ್ಕದ ರೂಮಲ್ಲೇ ಇದೀನಿ. ಅಪ್ಲಿಕೇಶನ್‌ಗೆ ಥರ್ಸ್‌ಡೇ ಲಾಸ್ಟ್ ಡೇಟ್."

ಹಾಲು ತೆಗೆಯಲು ಹೋದ ಸಂಚಾಲಕರು ಬಾಗಿಲು ತೆರೆಯದೆ ಅಲ್ಲೇ ನಿಂತರು. ಎರಡು ಸಲ ಓದಿದರು. ಕನ್ನಡಕ ಒರೆಸಿಕೊಂಡು ಮೂರನೇ ಸಲ ಓದಿದರು. ಆಮೇಲೆ ಕಾರ್ಯದರ್ಶಿಯ ಕಡೆ ತಿರುಗಿ, "ಆರಾರು ತಿಂಗ್ಳು ನೀರ್ ಮೇಲೆ ಇರ್ಬೇಕು ಕಣೇ. ಫೋನ್ ಸಿಗಲ್ಲ. ನಂಗೆ ಹೆದ್ರಿಕೆ" ಎಂದರು. ಕಾರ್ಯದರ್ಶಿಗೂ ಹೆದರಿಕೆಯೇ. ಆದರೆ ಹೆದರಿಕೆಯನ್ನು ಹೆದರಿಕೆ ಎಂದೇ ಮಂಡಿಸತಕ್ಕದ್ದು, ಕಂಪ್ಯೂಟರ್ ಸೈನ್ಸ್ ಎಂಬ ಹೆಸರಿನಲ್ಲಿ ಮಂಡಿಸತಕ್ಕದ್ದಲ್ಲ ಎಂದು ಸಂಚಾಲಕರಿಗೆ ಸ್ಥಳದಲ್ಲೇ ಸೂಚಿಸಲಾಯಿತು.

ಸಂಚಾಲಕರು ಹೋಗಿ ಪಕ್ಕದ ರೂಮಿನ ಬಾಗಿಲು ತಟ್ಟಿದರು. "ಪುಟ್ಟಿ, ನಿಂಗೇನ್ ಬೇಕು ಹೇಳು. ನಾನ್ ಮಧ್ಯದಲ್ಲಿ ಮಾತಾಡಲ್ಲ" ಎಂದರು. ಒಳಗೆ ನಡೆದ ಈ ಐದನೇ ಸಭೆಯ ನಡವಳಿ ಬರೆದಿಲ್ಲ. ಎಷ್ಟು ಹೊತ್ತು ಹಿಡಿಯಿತೆಂದು ಕಾರ್ಯದರ್ಶಿ ಗಡಿಯಾರವನ್ನೂ ನೋಡಲಿಲ್ಲ; ಹಾಲು ಮಾತ್ರ ಎರಡು ಸಲ ಬಿಸಿ ಮಾಡಬೇಕಾಯಿತು.

10. ತಿದ್ದುಪಡಿ. ಸುತ್ತೋಲೆಯ ಆರನೇ ನಿಯಮದಲ್ಲಿ ಓಸ್ಕು, ಆಟಗಾರ, ಹುಡುಗ ಎಂದು ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಅಮೂಲ್ಯಾ ಎಂದು ಓದಿಕೊಳ್ಳತಕ್ಕದ್ದು. ಇದು ಈ ಕ್ಷಣದಿಂದ ಜಾರಿಯಲ್ಲಿರುತ್ತದೆ. ಐದನೇ ನಿಯಮದ ರಾಗಿ ಅಂಬಲಿಯೂ ಅವಳಿಗೆ ಅನ್ವಯಿಸುತ್ತದೆ. ಈ ಬಗ್ಗೆ ಮೇಲ್ಮನವಿಗೆ ಅವಕಾಶವಿಲ್ಲ.

(ಸಹಿ)
ದ್ವಾರಕನಾಥ್
ಸಂಚಾಲಕರು ಮತ್ತು ತಂದೆ
(ಮೊದಲ ಸಹಿಯಲ್ಲಿ ಶಾಯಿ ಹರಡಿದ್ದರಿಂದ ಎರಡನೇ ಸಲ ಹಾಕಿಸಿಕೊಳ್ಳಲಾಗಿದೆ)

ಕರಡು ಸಿದ್ಧಪಡಿಸಿದವರು: ಭಾಗೀರಥಿ, ಕಾರ್ಯದರ್ಶಿ

ಪ್ರತಿಗಳು:
1. ಅವಿನಾಶ್, ಬಿಶಾನ್: ಸೇಫ್ ಆಪ್ಷನ್ ಎಂಬ ಮಾತನ್ನು ಹಿಂಪಡೆಯುವ ಸಲುವಾಗಿ.
2. ನಾಗೇಶ: ಎರವಲು ಕೊಟ್ಟ ಸೂರ್ಯೋದಯವನ್ನು ವಾಪಸು ಜಮಾ ಮಾಡಿಸಲು.
3. ಓಸ್ಕು ಹಿರ್ವಿಕೋಸ್ಕಿ, ಫಿನ್ಲೆಂಡ್: ಕೃತಜ್ಞತೆಯೊಂದಿಗೆ. ವಿಳಾಸ ತಿಳಿಯದ ಕಾರಣ ಪ್ರತಿಯನ್ನು ಕಡತದಲ್ಲೇ ಇರಿಸಿದೆ. ಎಡ ಮೊಣಕಾಲು ಜೋಪಾನ.
4. ಮೈಸೂರಿನ ಸಮಸ್ತ ನೆಂಟರಿಷ್ಟರು: ನಿಯಮ 6(ಈ) ಪ್ರಕಾರ, ಪ್ರಶ್ನೆಗಳಿದ್ದಲ್ಲಿ ಹುಡುಗಿಗಲ್ಲ, ಸಂಚಾಲಕರಿಗೆ ಫೋನ್ ಮಾಡತಕ್ಕದ್ದು.
5. ಕುಮಾರಿ ಅಮೂಲ್ಯಾ, ಪಕ್ಕದ ರೂಮು: ಗುರುವಾರದ ಒಳಗೆ ಅರ್ಜಿ ಹಾಕಲು. ಅಪ್ಪ ಜೊತೆಗೆ ಬರುತ್ತಾರೆ, ಬಂದು ಸುಮ್ಮನೆ ಕೂರುತ್ತಾರೆ.