ಸತ್ತಿಯ ತೋಳಕ್ಕೊಂದು ಹಸಿರು ಚುಕ್ಕಿ

ಕೃಷ್ಣಾ ತೀರದ ಸತ್ತಿಯಲ್ಲಿ ತೋಳವನ್ನು ಕಣ್ಣಾರೆ ಕಂಡವರೆಂದರೆ ಕುರಿಗಾಹಿ ಭರಮು ಒಬ್ಬರೇ. ತೋಳ ಬಾಳಬಲ್ಲ ನೆಲವನ್ನು ಜಿಐಎಸ್ ಎಂಬ ಕಂಪ್ಯೂಟರ್ ನಕಾಶೆಯಲ್ಲಿ ಗುರುತಿಸುವ ನಮ್ಮ ಯೋಜನೆಗೆ ಹಿರಿಯರ ನೆನಪುಗಳನ್ನು ದಾಖಲಿಸುವ ಹೊಣೆ ನನ್ನದು. ಭರಮು ಅವರ ಅಳಿಯ ನಾಮದೇವನಿಗೆ ದುಂಬಾಲು ಬಿದ್ದು, ಹಲವು ಸಲ ಬರಿಗೈಯಲ್ಲಿ ಮರಳಿ, ಕೊನೆಗೆ ಕುರಿಗಳ ಉಣ್ಣೆ ಕತ್ತರಿಸುವ ದಿನ ಮಾತುಕತೆ ಗೊತ್ತುಮಾಡಿಕೊಂಡೆ. ನಾನು ತಲುಪುವಷ್ಟರಲ್ಲಿ ಭರಮು ಕಥೆಯ ನಡುವಿನಲ್ಲಿದ್ದರು. ಹೆಂಡತಿ ರಾಮವ್ವ ತಕರಾರಿನ ನಡುವಿನಲ್ಲಿದ್ದರು.

ಭರಮು: ಎಮ್ಮಿ ಕರದಷ್ಟ ಇತ್ತರಿ ಸಾಹೇಬ್ರ, ತೋಳ!

ರಾಮವ್ವ: ಹ್ವಾದ ವರ್ಷ ಆಡಿನಷ್ಟ ಇತ್ತಲ್ಲಾ? ಏನ ಹಾಕಿ ಸಾಕೀರಿ ಅದನ್ನ?

ಭರಮು: ನೀ ಸುಮ್ಕಿರ ಬೇ. ಬಡಿಗಿ ಹಿಡ್ಕೊಂಡ ಗಾಯರಾಣದ ತುದಿತನಾ ಬೆನ್ನ ಹತ್ತಿದೆ. ಊರವ್ರು ರುಮಾಲ ಸುತ್ತಿ ಮೆರಸಿದ್ರು.

ರಾಮವ್ವ: ಓಡಿದ್ದ ಖರೇ ರೀ. ಮುಂದ ಯಾರಿದ್ರು, ಹಿಂದ ಯಾರಿದ್ರು ಅಂತ ಮಾತ್ರ ಕೇಳಬ್ಯಾಡ್ರಿ.

ಬುದ್ಧಿಯಿದ್ದವರು ಆ ಕ್ಷಣವೇ ಧ್ವನಿಮುದ್ರಣ ಆರಂಭಿಸುತ್ತಿದ್ದರು. ನಾನು ತರಬೇತಿ ಪಡೆದವನು. ಲ್ಯಾಪ್‌ಟಾಪ್ ತೆರೆದು ಅಧ್ಯಯನದ ಉದ್ದೇಶವನ್ನು ವಿವರಿಸತೊಡಗಿದೆ.

ನಾನು: ನೀರು, ಹುಲ್ಲು, ದಿಬ್ಬ, ಜೊತೆಗೆ ನಿಮ್ಮ ನೆನಪು. ಇವನ್ನು ಒಂದರ ಮೇಲೊಂದು ಹೊಂದಿಸಿದರೆ ತೋಳಕ್ಕೆ ತಕ್ಕ ಜಾಗ ಹಸಿರಾಗಿ ಕಾಣುತ್ತದೆ.

ಭರಮು: ನಾವ್ ಕುರಿ ಮೇಸೂ ಗಾಯರಾಣ?

ನಾನು: ನೀವು ಕಂಡದ್ದು ಆ ಗೋಮಾಳದಲ್ಲಿಯೇ ಆದರೆ, ಹಚ್ಚ ಹಸಿರು.

ರಾಮವ್ವ: ಹಸರ ಆದಮ್ಯಾಲ? ಬೇಲಿ ಹಾಕ್ತಾರೇನ್ರಿ?

ನಾನು: ಅದು ನಮ್ಮ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

ರಾಮವ್ವ: ಹಾಕೂದಿಲ್ಲ ಅಂತರ ಹೇಳ್ರಿ ಮತ್ತ.

ನಾನು ಕೆಮ್ಮಿದೆ. ಆ ಕೆಮ್ಮಿಗೆ ಅಡಿಟಿಪ್ಪಣಿ ಬೇಕಾಗಲಿಲ್ಲ.

ರಾಮವ್ವ: ಅದ ನಾಯಿ ಇತ್ತರಿ.

ಭರಮು: ಏನಂದಿ?

ರಾಮವ್ವ: ನಾಯಿ. ನಾಳಿಂದ ಕುರಿ ಎಲ್ಲಿ ಮೇಸ್ತೀರಿ? ರುಮಾಲದ ಮ್ಯಾಲೇನು?

ಭರಮು: ಇಡೀ ಊರಿಗೆ ತೋಳ ಅಂತ ಹೇಳೇನಲ್ಲಬೇ! ಬೀಗರಿಗೂ ಹೇಳೇನಿ!

ರಾಮವ್ವ: ಬೀಗರು ಆವಾಗೂ ನಂಬಿಲ್ಲ ಬಿಡ್ರಿ.

ನಾನು: ತಾಯಿ, ಕಂಡವರೇ ಹೇಳಬೇಕು. ಅನ್ಯರ ಮಾತನ್ನು ಸಾಕ್ಷ್ಯವೆಂದು ಸ್ವೀಕರಿಸುವುದು ಕ್ರಮವಲ್ಲ.

ಅರ್ಧ ಉಣ್ಣೆ ಕಳೆದುಕೊಂಡು ನಿಂತಿದ್ದ ಟಗರನ್ನು ಭರಮು ನೋಡಿದರು. ಆಮೇಲೆ ನನ್ನ ಪರದೆಯನ್ನು ನೋಡಿದರು.

ಭರಮು: ನಾಯಿ… ಬರ್ಕೋರಿ.

ರಾಮವ್ವನ ದನಿ ಮೊದಲ ಬಾರಿಗೆ ಮೆತ್ತಗಾಯಿತು.

ರಾಮವ್ವ: ಸಾದಾ ನಾಯಿ ಅಲ್ಲರಿ ಮತ್ತ. ಭಾಳ ದೊಡ್ಡದಿತ್ತು. ನಾನೂ ಅಂಜಿದ್ನಿ.

ದಾಖಲೆ: ಸತ್ತಿ, ೧೦ ಫೆಬ್ರುವರಿ ೨೦೨೪. ತೋಳ: ಕಂಡಿಲ್ಲ. ನಾಯಿ: ಒಂದು, ಬಹಳ ದೊಡ್ಡದು.