ಗಂಟಿನ ಮೇಲೆ ನಿಂತವನು

ನೆಲ ಮುಗಿಯಲು ಒಂದೇ ಒಂದು ಹಲಗೆ ಕಡಿಮೆ ಬಿತ್ತು. ಮರದ ನೆಲಹಾಸು ತಯಾರಿಸುವ ಕಾರ್ಖಾನೆಯ ಮುಂದಿನ ಕೋಣೆಯಲ್ಲಿ, ಮಾದರಿಗೆಂದು ಹಾಸುತ್ತಿದ್ದ ನೆಲ ಅದು. ಹತ್ತು ಗಂಟೆಗೆ ದೊಡ್ಡ ಗಿರಾಕಿ ಬರುವವರಿದ್ದರು. ಅವರು ಒಪ್ಪಿದರೆ ಹಲಗೆ ಆರಿಸುವ ವಿಭಾಗಕ್ಕೆ ಗಂಟುಗಣ್ಣನೇ ಮುಖ್ಯಸ್ಥ ಎಂದು ಧಣಿ ಮಾತು ಕೊಟ್ಟಿದ್ದರು.

ಗಂಟುಗಣ್ಣ ಎಂಬುದು ಹಲಗೆಗೆ ಮರ ಆರಿಸುವ ಈ ಕೆಲಸಗಾರನಿಗೆ ಜೊತೆಯವರು ಇಟ್ಟ ಹೆಸರು. ಮರದಲ್ಲಿ ಸಾಸಿವೆಯಷ್ಟು ಗಂಟಿದ್ದರೂ ಅವನ ಕಣ್ಣಿಗೆ ಕುಂಬಳಕಾಯಿಯಾಗಿ ಕಾಣುತ್ತಿತ್ತು. ಈ ಹಲಗೆಗಳು ಇಡಿಯಾಗಿ ಒಂದೇ ಮರದವಲ್ಲ; ಮೇಲೆ ಒಳ್ಳೆಯ ಮರದ ತೆಳು ಪದರ, ಅಡಿಯಲ್ಲಿ ಅಂಟಿಸಿದ ಬೇರೆ ಪದರಗಳು. ಮೇಲಿನದಕ್ಕೆ ಅವನು ಒಂದನೇ ದರ್ಜೆಯ ಮರವನ್ನೇ ಆರಿಸಿದ್ದ. ಅಡಿಯದಕ್ಕೆ ಗಂಟು ತುಂಬಿದ ಮೂರನೇ ದರ್ಜೆ ಸಾಕೆಂದಿದ್ದ. ಕರುಳನ್ನು ಯಾರು ಕನ್ನಡಿಯಲ್ಲಿ ನೋಡಿಕೊಳ್ಳುತ್ತಾರೆ ಎಂಬುದು ಅವನ ವಾದ.

ಹುಡುಕಿ ಹುಡುಕಿ ಕೊನೆಗೆ, ಕಸ ಗುಡಿಸುವ ಅಕ್ಕನ ನೀರಿನ ಕೊಡದ ಕೆಳಗೆ ಸರಿಯಳತೆಯ ಹಳೆಯ ಹಲಗೆಯೊಂದು ಸಿಕ್ಕಿತು. ಒರೆಸಿ, ಎಣ್ಣೆ ತಿಕ್ಕಿ ಕೂರಿಸಿದ. ನಟ್ಟನಡುವೆ ಎತ್ತಿನ ಕಣ್ಣಿನಷ್ಟು ದೊಡ್ಡ ಗಂಟು. ಬೇರೆ ದಾರಿ ಕಾಣದೆ ಅದರ ಮೇಲೆ ಎರಡೂ ಪಾದ ಜೋಡಿಸಿ ನಿಂತುಬಿಟ್ಟ.

ಗಿರಾಕಿ ಹತ್ತಕ್ಕೆ ಬರಲಿಲ್ಲ, ಹನ್ನೊಂದಕ್ಕೂ ಬರಲಿಲ್ಲ. ಉಗ್ರಾಣದವನು ಕುರ್ಚಿ ತಂದ, ಬೇಡವೆಂದ. ಹೆಂಡತಿಯ ಫೋನು ಬಂದಿದೆಯೆಂದರು. ಊಟ ಮಾಡಿದೆನೆಂದು ಹೇಳಿಬಿಡಿ ಎಂದ. ಆಮೇಲೆ ಪೊರಕೆ ಹಿಡಿದು ಅಕ್ಕ ಬಂದಳು.

"ನನ್ನ ಕೊಡದ ಹಲಗೆ ನೋಡಿದ್ಯೇನಪ್ಪಾ?"

"ನನಗೇನು ಗೊತ್ತಕ್ಕಾ."

"ಸರಿ, ಕಾಲೆತ್ತು. ಗುಡಿಸ್ಬೇಕು."

"ಇಲ್ಲಿ ಕಸ ಇಲ್ಲ."

"ಇದೆಯಲ್ಲ, ಬೆಳಗ್ಗೆಯಿಂದ ನೆಟ್ಟಗೆ ನಿಂತ್ಕೊಂಡಿದೆ."

ಗಿರಾಕಿ ಬಂದದ್ದು ಒಂದು ಗಂಟೆಗೆ. ಧಣಿ ಪರಿಚಯಿಸಲು ಕರೆದರೆ ಗಂಟುಗಣ್ಣ ಗಾಳಿಗೆ ಸಿಕ್ಕ ತೆಂಗಿನಂತೆ ಬಾಗಿ ಕೈ ಚಾಚಿದನೇ ಹೊರತು ಪಾದ ಕೀಳಲಿಲ್ಲ. ಗಿರಾಕಿ ಮಂಡಿಯೂರಿ ಬೆರಳ ಗೆಣ್ಣಿನಿಂದ ಒಂದೊಂದೇ ಹಲಗೆ ಬಡಿಯುತ್ತ ಬಂದರು. ಬಡಿದಂತೆಲ್ಲ ಅವರ ಮುಖ ಸಣ್ಣದಾಯಿತು. ಕೊನೆಗೆ ಇವನ ಬುಡಕ್ಕೇ ಬಂದು, ಸ್ವಲ್ಪ ಸರಿಯಲು ಹೇಳಿದರು.

ಸರಿಯಲು ಕಾಲೆಲ್ಲಿತ್ತು? ಎರಡೂ ಜೋಮು ಹಿಡಿದಿದ್ದವು. ಗಂಟುಗಣ್ಣ ಮೂಟೆಯಂತೆ ಉರುಳಿದ. ನೆಲ ನಗಾರಿಯಂತೆ ಢಮ್ಮೆಂದಿತು.

ಧಣಿಗೆ ಗಂಟು ಕಂಡು ಕೆಂಡ ಮೆಟ್ಟಿದಂತಾಯಿತು. ಗಿರಾಕಿ ಆ ಹಲಗೆಯನ್ನೂ ಬಡಿದು ತಲೆದೂಗಿದರು.

"ಇಡೀ ನೆಲದಲ್ಲಿ ಗಟ್ಟಿ ಇರೋದು ಇದೊಂದೇ. ಗಂಟು ಮೇಲಿದ್ರೆ ನೋಟ ಬೇರೆ, ಅಷ್ಟೆ. ಅಡಿ ಪದರದಲ್ಲಿದ್ರೆ ಉದುರಿ ಪೊಳ್ಳಾಗುತ್ತೆ. ಇದನ್ನ ಆರಿಸಿದ್ದು ಯಾರು?"

"ನಾನೇ ಸಾರ್," ಎಂದು ಗಂಟುಗಣ್ಣ ಬಿದ್ದಲ್ಲಿಂದಲೇ ಬೆರಳೆತ್ತಿದ.

"ಅಯ್ಯೋ, ನನ್ನ ಹಲಗೆ," ಎಂದಳು ಬಾಗಿಲಲ್ಲಿದ್ದ ಅಕ್ಕ. "ನಾಲ್ಕು ವರ್ಷದ ಹಿಂದೆ ರಾಶಿಯಲ್ಲಿ ಒಂದೊಂದೇ ಬಡಿದು ನೋಡಿ ಆರಿಸ್ಕೊಂಡಿದ್ದು. ಅಷ್ಟು ದಿನ ಕೊಡ ಹೊತ್ರೂ ಬಗ್ಗಿಲ್ಲ."

ಆಕೆ ಬಡಿದು ಒಪ್ಪಿದ ಹಲಗೆ ಮಾತ್ರ ಕೊಳ್ಳುವುದಾಗಿ ಗಿರಾಕಿ ಹೇಳಿಹೋದರು. ಮರುದಿನದಿಂದ ಅಕ್ಕನೇ ವಿಭಾಗದ ಮುಖ್ಯಸ್ಥೆ. ಆಕೆ ಬೇಡವೆಂದ ಹಲಗೆಗಳನ್ನು ಹಿತ್ತಲಿಗೆ ಹೊರುವ ಕೆಲಸ ಗಂಟುಗಣ್ಣನಿಗೆ ಬಂತು. ಮೊದಲ ದಿನವೇ ಅಕ್ಕ ನಾನೂರು ಹಲಗೆ ಬೇಡವೆಂದಳು.