ಗೊತ್ತಿಲ್ಲ ಬೀದಿ

ತಪ್ಪು ಅಷ್ಟು ದೊಡ್ಡದೇನಲ್ಲ, ಒಂದೇ ಒಂದು ಪದ. ನಗರಸಭೆಯವರು ಊರಿನ ಬೀದಿಗಳ ಮಾಹಿತಿಯನ್ನೆಲ್ಲ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದರು. ಯಾರು ಬೇಕಾದರೂ ಬಳಸುವ, ಯಾರು ಬೇಕಾದರೂ ತಿದ್ದುವ ಮುಕ್ತ ನಕ್ಷೆಗೆ ಅದನ್ನು ಸೇರಿಸಲು ಕನ್ನಡಕದ ಅಂಗಡಿಯವನು ಹತ್ತಾರು ಸ್ವಯಂಸೇವಕರನ್ನು ಕಲೆಹಾಕಿದ್ದ. ಅಂದಿನಿಂದ ಅವನು ಎಲ್ಲರಿಗೂ ನಕ್ಷೆಯಣ್ಣ. "ಸರ್ಕಾರದ್ದು ಅಂತ ಕಣ್ಣು ಮುಚ್ಕೊಂಡು ಸುರೀಬೇಡಿ, ಒಂದೊಂದು ಬೀದೀನೂ ನೋಡಿ ಹಾಕಿ" ಎಂದು ಪಾಠ ಹೇಳಿದವನು ತನ್ನ ಬೀದಿಯನ್ನು ಮಾತ್ರ ನೋಡದೆ ಹಾಕಿದ. ಹುಟ್ಟಿ ಬೆಳೆದ ಬೀದಿ, ನೋಡುವುದೇನು?

ಆ ಬೀದಿಗೆ ಹೆಸರೇ ಇರಲಿಲ್ಲ. ಅಳತೆಗೆ ಬಂದಿದ್ದ ನೌಕರ ಪ್ರಾಮಾಣಿಕ. ಹೆಸರಿನ ಜಾಗದಲ್ಲಿ 'ಗೊತ್ತಿಲ್ಲ' ಎಂದು ಬರೆದಿದ್ದ. ಬೆಳಗಾಗುವಷ್ಟರಲ್ಲಿ ಎಲ್ಲರ ಫೋನಿನಲ್ಲೂ ಅದು 'ಗೊತ್ತಿಲ್ಲ ಬೀದಿ' ಆಗಿತ್ತು.

ಮೊದಲು ಅವನ ಮನೆಯ ಗೇಟು ತಳ್ಳಿಕೊಂಡು ಬಂದವಳು ಎದುರುಮನೆಯ ಟೈಲರಕ್ಕ. ಕೊರಳಲ್ಲಿ ಅಳತೆಪಟ್ಟಿ ಹೆಡೆ ಬಿಚ್ಚಿದಂತೆ ಆಡುತ್ತಿತ್ತು.

"ಏನಪ್ಪಾ, ಗಿರಾಕಿ ಫೋನ್ ಮಾಡಿ ಅಂಗಡಿ ಯಾವ ಬೀದಿ ಅಂದ್ರು. ನಕ್ಷೇಲಿದ್ದದ್ದನ್ನೇ ಓದಿದೆ. 'ನಿನ್ನ ಬೀದೀನೇ ನಿಂಗೆ ಗೊತ್ತಿಲ್ಲ, ನನ್ನ ಸೊಂಟದಳತೆ ಏನು ಗೊತ್ತಾಗತ್ತೆ' ಅಂತ ಇಟ್ಟೇಬಿಟ್ರು!"

ಹಿಂದೆಯೇ ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರು. "ಗೊತ್ತಿಲ್ಲ ಅಂದ ಹುಡುಗರನ್ನ ಜೀವಮಾನವಿಡೀ ಬೆಂಚಿನ ಮೇಲೆ ನಿಲ್ಲಿಸ್ದೋನು ನಾನು. ನನ್ನನ್ನೇ ಅದರೊಳಗೆ ತಂದು ಕೂರಿಸ್ದೆಯಲ್ಲೋ!"

"ಈಗಲೇ ತೆಗೆಸ್ತೀನಿ ಸಾರ್" ಎಂದು ನಕ್ಷೆಯಣ್ಣ ಹೆಸರು ಅಳಿಸಿ ಕಳಿಸಿದ. ಆದರೆ ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ಒಪ್ಪಬೇಕೆಂಬ ನಿಯಮವನ್ನು ಅವನೇ ಮಾಡಿದ್ದ. ಒಪ್ಪಬೇಕಾದವರು ಸ್ವಯಂಸೇವಕರಲ್ಲೇ ಕಟ್ಟುನಿಟ್ಟಾದ ಬ್ಯಾಂಕಿನಕ್ಕ. ಅವರು ಕೆಲಸ ಮುಗಿಸಿ ಬರುವುದೇ ಸಂಜೆಗೆ.

"ಬರೀ ಅಳಿಸಿದ್ರೆ ಸಾಲದು, ನನ್ನ ಹೆಸರಿಡು" ಎಂದರು ಹೆಡ್‌ಮಾಸ್ತರು.

"ನೀವಿನ್ನೂ ಇದ್ದೀರಲ್ಲ ಸಾರ್!" ಎಂದಳು ಟೈಲರಕ್ಕ.

ಈ ಗದ್ದಲದಲ್ಲಿ ಗೇಟಿನ ಚಿಲಕ ಹಾಕುವುದನ್ನು ಮೂವರೂ ಮರೆತರು. ಒಳಗೆ ನಕ್ಷೆಯಣ್ಣನ ಅಮ್ಮನಿದ್ದಳು. ಅವಳಿಗೆ ಈಚೆಗೆ ಒಂದೊಂದೇ ಮರೆತುಹೋಗುತ್ತಿತ್ತು: ಮೊದಲು ಕನ್ನಡಕ ಇಟ್ಟ ಜಾಗ, ಆಮೇಲೆ ಗಂಡ ತೀರಿಕೊಂಡದ್ದು, ಆಮೇಲೆ ಮನೆ. ಜಗಳ ಮುಗಿಸಿ ನೋಡಿದರೆ ಕುರ್ಚಿ ಖಾಲಿ. ಅವಳ ಚಪ್ಪಲಿ ಬಾಗಿಲಲ್ಲೇ ಇತ್ತು. ಮಗನ ಚಪ್ಪಲಿ ಇರಲಿಲ್ಲ.

ನಕ್ಷೆಯಣ್ಣ ಬರಿಗಾಲಲ್ಲಿ ಓಡಿದ. ಊರಿನ ಸಂದುಗೊಂದುಗಳನ್ನೆಲ್ಲ ನಕ್ಷೆಗೆ ಹಾಕಿದವನಿಗೆ ಅಮ್ಮ ಯಾವ ಸಂದಿಗೆ ಹೊಕ್ಕಳೋ ತಿಳಿಯಲಿಲ್ಲ. ಟೈಲರಕ್ಕ ಒಂದು ಕಡೆ, ಹೆಡ್‌ಮಾಸ್ತರು ಒಂದು ಕಡೆ ಹುಡುಕಿ ಬಂದರು. ಹೊತ್ತು ಇಳಿಯಿತು. ಅಮ್ಮ ಸಿಗಲಿಲ್ಲ.

ಆಗ ಬಾಡಿಗೆ ಕಾರೊಂದು ಬಂದು ನಿಂತಿತು. "ಇದೇನಾ ಗೊತ್ತಿಲ್ಲ ಬೀದಿ?" ಎಂದ ಚಾಲಕ. ಹಿಂದಿನ ಸೀಟಿನಲ್ಲಿ ಅಮ್ಮ, ಕಾಲಲ್ಲಿ ದೋಣಿಯಂಥ ಚಪ್ಪಲಿ.

"ಬಸ್ ನಿಲ್ದಾಣದ ಹತ್ರ ಒಬ್ರೇ ನಿಂತಿದ್ರು. ಮನೆ ಎಲ್ಲಮ್ಮಾ ಅಂದೆ, ಗೊತ್ತಿಲ್ಲ. ಯಾವ ಬೀದಿ ಅಂದೆ, ಗೊತ್ತಿಲ್ಲ. ಸಾಕಾಗಿ, ನೀವೇ ಇದಕ್ಕೆ ಹೇಳಿ ಅಂತ ಫೋನನ್ನ ಬಾಯಿ ಹತ್ರ ಹಿಡಿದೆ. ಗೊತ್ತಿಲ್ಲ ಅಂದ್ರು. ಫೋನು 'ಎಡಕ್ಕೆ ತಿರುಗಿ' ಅಂತು!"

ನಕ್ಷೆಯಣ್ಣ ಅಮ್ಮನನ್ನು ಇಳಿಸಿಕೊಂಡ. ಗೇಟಿನ ಚಿಲಕ ಹಾಕಿದ. ಅಷ್ಟರಲ್ಲಿ ಫೋನು ಕುಂಯ್ ಎಂದಿತು: ಬ್ಯಾಂಕಿನಕ್ಕ ತಿದ್ದುಪಡಿ ಒಪ್ಪಿದ್ದರು. ಬೀದಿಯ ಹೆಸರು ಮಾಯ. ಅವನು ಮತ್ತೆ 'ಗೊತ್ತಿಲ್ಲ' ಎಂದು ಬರೆದು ಕಳಿಸಿದ. ತಕ್ಷಣ ಬ್ಯಾಂಕಿನಕ್ಕನ ಫೋನು ಬಂತು.

"ಏನ್ರೀ ಇದು? ಅಲ್ಲಿರೋರು ಕರೆಯೋ ಹೆಸರೇ ಹೆಸರು ಅಂದೋರು ನೀವೇ. ಯಾರು ಹಾಗೆ ಕರೀತಾರೆ?"

"ನಮ್ಮಮ್ಮ."

"ಮನೆಯೋರ ಸಾಕ್ಷಿ ನಡೆಯಲ್ಲ. ಅಕ್ಕಪಕ್ಕದೋರಿಗೆ ಕೊಡಿ."

ಹೆಡ್‌ಮಾಸ್ತರು ಗಂಟಲು ಸರಿಮಾಡಿಕೊಂಡು ಫೋನು ತೆಗೆದುಕೊಂಡರು.

"ನಿಮ್ಮ ಬೀದಿ ಹೆಸರೇನು ಸಾರ್?"

"ಗೊತ್ತಿಲ್ಲ!" ಎಂದರು, ಎದೆಯುಬ್ಬಿಸಿ.

ಟೈಲರಕ್ಕ ಪಕ್ಕದಿಂದ ಕೂಗಿದಳು: "ನಾನೂ ಹೇಳ್ತೀನಿ ಬರ್ಕೊಳ್ಳಿ, ಗೊತ್ತಿಲ್ಲ!"

"ನೋಡಿದ್ರಾ? ಒಬ್ಬರಿಗೂ ಗೊತ್ತಿಲ್ಲ" ಎಂದರು ಬ್ಯಾಂಕಿನಕ್ಕ. "ತೆಗೆದ ಹೆಸರು ತೆಗೆದದ್ದೇ. ಇನ್ನೊಂದು ವಾರ ನೀವು ನಕ್ಷೆ ಮುಟ್ಟೋ ಹಾಗಿಲ್ಲ." ಫೋನು ಇಟ್ಟೇಬಿಟ್ಟರು.

ನಕ್ಷೆಯಣ್ಣ ಮೆಟ್ಟಿಲ ಮೇಲೆ ಕುಸಿದು ಕೂತ. ಅಮ್ಮ ಬಂದು ಪಕ್ಕದಲ್ಲಿ ಕೂತು ಅವನ ಮುಖವನ್ನೇ ನೋಡಿದಳು.

"ಯಾಕಪ್ಪಾ, ದಾರಿ ತಪ್ಪಿತಾ? ನಿಮ್ಮನೆ ಯಾವ ಬೀದಿ?"

ಅವನಿಗೆ ನಗುವೋ ಅಳುವೋ ಬಂತು. "ಗೊತ್ತಿಲ್ಲಮ್ಮ."

"ಅಯ್ಯೋ, ನಮ್ಮನೇನೂ ಅಲ್ಲೇ ಕಣೋ!" ಅಮ್ಮ ಅವನ ಕೈ ಹಿಡಿದು ಎಬ್ಬಿಸಿದಳು. "ಬಾ, ನಾನು ಕರ್ಕೊಂಡು ಹೋಗ್ತೀನಿ" ಎಂದು ಗೇಟಿನ ಚಿಲಕ ತೆಗೆದಳು.